ಹತ್ತನೇ ವಚನದ ಆಚೆ

ಸಂಡೇ ಸ್ಕೂಲಿನಲ್ಲಿ ಸತ್ಯವೇದದ ಬಾಲಕ ಸಮುವೇಲನ ಕಥೆ ಹೇಳುವುದು ನನಗೆ ಪಳಗಿಹೋದ ಕೆಲಸ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಸುಮ್ಮನಾಗಬೇಕು, ಎಲ್ಲಾ ಗೊತ್ತು. "ಸಮುವೇಲನೇ, ಸಮುವೇಲನೇ" ಅಂತ ಮೆಲ್ಲಗೆ ಕರೆದಾಗ ಹಿಂದಿನ ಬೆಂಚಿನ ತರಲೆಗಳೂ ತಲೆ ಎತ್ತುತ್ತವೆ. ಹುಡುಗ ಎದ್ದು ಗುಡಿಯ ಯಾಜಕ, ಮುದುಕ ಏಲಿಯ ಹತ್ತಿರ ಓಡುತ್ತಾನೆ. "ನಾನು ಕರೀಲಿಲ್ಲ, ಹೋಗಿ ಮಲ್ಕೋ." ಮತ್ತೆ ಕರೆ, ಮತ್ತೆ ಓಟ, ಮತ್ತೆ ಅದೇ ಮಾತು. ಮೂರನೇ ಸಲಕ್ಕೆ ಮುದುಕನಿಗೆ ಹೊಳೆಯುತ್ತದೆ. ನಾಲ್ಕನೇ ಸಲ ಕರೆ ಬಂದಾಗ ಹುಡುಗ ಓಡುವುದಿಲ್ಲ. ಇದ್ದಲ್ಲಿಂದಲೇ "ಅಪ್ಪಣೆಯಾಗಲಿ" ಅನ್ನುತ್ತಾನೆ. ಅಲ್ಲಿಗೆ ಕಥೆ ನಿಲ್ಲಿಸಿ, "ಮಕ್ಕಳೇ, ನೀವೂ ಹೀಗೇ ದೇವರ ಮಾತು ಕೇಳಬೇಕು" ಅಂತ ಹೇಳಿ, ಕಣ್ಣು ಮುಚ್ಚಿಸಿ ಪ್ರಾರ್ಥನೆ ಮಾಡಿಸಿ, ಬಿಸ್ಕತ್ತು ಹಂಚಿ ಮನೆಗೆ ಕಳಿಸುತ್ತೇನೆ. ವರ್ಷಕ್ಕೊಮ್ಮೆಯಾದರೂ ಈ ಪಾಠ ಬಂದೇ ಬರುತ್ತದೆ.

ಈ ಸಲ ಒಂದು ಹುಡುಗಿ, ಒಂಬತ್ತು ವರ್ಷ ಇರಬೇಕು, ಬಿಸ್ಕತ್ತು ಕೈಯಲ್ಲಿ ಹಿಡಿದುಕೊಂಡೇ ನಿಂತಳು. "ಅಂಕಲ್, ಆಮೇಲೆ ದೇವರು ಏನು ಹೇಳಿದ್ರು?"

"ನಿನ್ನನ್ನ ದೊಡ್ಡ ಪ್ರವಾದಿ ಮಾಡ್ತೀನಿ ಅಂದ್ರು" ಅಂತ ಹೇಳಿಬಿಟ್ಟೆ. ಹುಡುಗಿ ಹೋದಳು. ನಾನು ಬೆಂಚು ಜೋಡಿಸುತ್ತಾ ನಿಂತೆ. ಹೇಳಿದ್ದು ಶುದ್ಧ ಸುಳ್ಳು. ಆ ರಾತ್ರಿ ದೇವರು ಅಂಥ ಮಾತನ್ನೇ ಆಡಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹಾಗೆ ಹೇಳಿದೆ ಅನ್ನುವುದು ಆ ವಾರವೆಲ್ಲ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಚುಚ್ಚುತ್ತಾ ಇತ್ತು.

ಆ ರಾತ್ರಿ ಹೇಳಿದ್ದು

ಹೇಳಿದ್ದು ಏನು ಅಂದರೆ, ಏಲಿಯ ಮನೆ ಹಾಳಾಗುತ್ತದೆ ಅಂತ. ಏಲಿಯ ಮಕ್ಕಳು ಹೊಫ್ನಿ ಮತ್ತು ಫೀನೆಹಾಸ ಶೀಲೋವಿನ ದೇವಸ್ಥಾನದಲ್ಲಿ ಯಾಜಕರಾಗಿದ್ದುಕೊಂಡೇ ಹೊಲಸು ಕೆಲಸ ಮಾಡುತ್ತಿದ್ದರು. ಜನ ಬಲಿ ಕೊಟ್ಟ ಮಾಂಸ ಬೇಯುತ್ತಿರುವಾಗಲೇ ಅವರ ಆಳು ಮೂರು ಹಲ್ಲಿನ ಮುಳ್ಳು ಚಮಚ ಚುಚ್ಚಿ ಬಂದಷ್ಟನ್ನು ಎತ್ತಿಕೊಂಡು ಹೋಗುತ್ತಿದ್ದ. ಬಾಗಿಲಲ್ಲಿ ಸೇವೆಗೆ ಬರುತ್ತಿದ್ದ ಹೆಂಗಸರನ್ನೂ ಬಿಡಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಬೈದ, ಆದರೆ ತಡೆಯಲಿಲ್ಲ. ಈ ಮನೆತನದ ಪಾಪ ಇನ್ನು ಯಾವ ಬಲಿಯಿಂದಲೂ ಯಾವ ಕಾಣಿಕೆಯಿಂದಲೂ ತೊಳೆದುಹೋಗುವುದಿಲ್ಲ, ಕೇಳಿದವರ ಎರಡೂ ಕಿವಿ ಗುಂಯ್ ಅನ್ನುವಂಥ ಕೆಲಸ ಮಾಡುತ್ತೇನೆ ಅಂತ ದೇವರು ಹೇಳಿದ. ಹೇಳಿದ್ದು ಯಾರಿಗೆ? ಏಲಿಯೇ ಸಾಕಿದ ಹುಡುಗನಿಗೆ. ದೇವರ ದೀಪ ಉರಿಯುವ ಗುಡಿಯಲ್ಲಿ ಮಲಗುವ, ಅವನ ಕೂಗಿಗೆ ನಡುರಾತ್ರಿ ಎದ್ದು ಓಡುವ ಹುಡುಗನಿಗೆ.

ಪಾಠವನ್ನು, ಅಂದರೆ ಸಮುವೇಲನ ಮೊದಲನೇ ಪುಸ್ತಕದ ಮೂರನೇ ಅಧ್ಯಾಯವನ್ನು, ಹತ್ತನೇ ವಚನಕ್ಕೆ ನಿಲ್ಲಿಸುವುದು ನಾನೊಬ್ಬನೇ ಅಲ್ಲ. ಕ್ಯಾಥೊಲಿಕರ ಭಾನುವಾರದ ವಾಚನದಲ್ಲಿ ಈ ಅಧ್ಯಾಯ ಹತ್ತನೇ ವಚನದಿಂದ ಸೀದಾ ಹತ್ತೊಂಬತ್ತಕ್ಕೆ ಹಾರುತ್ತದೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ವಾಚನಪಟ್ಟಿಯಲ್ಲಿ ಹನ್ನೊಂದರಿಂದ ಇಪ್ಪತ್ತರವರೆಗೆ ಕಂಸದೊಳಗಿದೆ. ಬೇಕಾದರೆ ಓದಿ, ಬೇಡದಿದ್ದರೆ ಬಿಡಿ ಅಂತ. ಬಿಡುವುದೇ ಜಾಸ್ತಿ. ಚೆಂದದ ಹುಡುಗ, ಚೆಂದದ ದೀಪ, ಚೆಂದದ ಉತ್ತರ. ಅಷ್ಟು ಸಾಕು ಅಂತ ನಾವೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಂತಿದೆ. ಕರೆ ಬಂತು ಅನ್ನುವುದು ನಮಗೆ ಬೇಕು. ಕರೆದು ಏನು ಹೊರಿಸಿದರು ಅನ್ನುವುದು ಬೇಡ.

ಹುಡುಗನಿಗೆ ಆಗ ಎಷ್ಟು ವಯಸ್ಸು ಅಂತ ಸತ್ಯವೇದ ಹೇಳುವುದಿಲ್ಲ. ಮೂಲದ ಹೀಬ್ರೂವಿನಲ್ಲಿ ಇರುವುದು 'ನಅರ್' ಅನ್ನುವ ಪದ. ಬುಟ್ಟಿಯಲ್ಲಿ ಅಳುತ್ತಿದ್ದ ಕೂಸು ಮೋಶೆಗೂ ಅದೇ ಪದ, ಅಪ್ಪನ ಮೇಲೆ ದಂಡೆತ್ತಿ ಹೋದ ಅಬ್ಷಾಲೋಮನಿಗೂ ಅದೇ ಪದ. ಮೊದಲ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಮಾತ್ರ ಸಮುವೇಲನಿಗೆ ಆಗ ಹನ್ನೆರಡು ಅಂತ ಬರೆದ. ಇರಲಿ. ಹನ್ನೆರಡೇ ಅಂದುಕೊಂಡರೂ ಆರನೇ ಏಳನೇ ಕ್ಲಾಸಿನ ಹುಡುಗ. ಆ ಅಧ್ಯಾಯದಲ್ಲಿ ಇನ್ನೊಂದು ಸಾಲಿದೆ, ನಾನು ಎಷ್ಟೋ ವರ್ಷ ಗಮನಿಸಿಯೇ ಇರಲಿಲ್ಲ: ಸಮುವೇಲನಿಗೆ ಇನ್ನೂ ದೇವರ ಪರಿಚಯ ಆಗಿರಲಿಲ್ಲವಂತೆ. ದೇವರ ಪವಿತ್ರ ಪೆಟ್ಟಿಗೆಯಾದ ಮಂಜೂಷದ ಪಕ್ಕದಲ್ಲೇ ಮಲಗುವ ಹುಡುಗ, ಯಾಜಕರ ಉಡುಪಾದ ನಾರಿನ ಏಫೋದು ಕಟ್ಟಿಕೊಂಡು ಓಡಾಡುವ ಹುಡುಗ. ಆದರೂ ಪರಿಚಯ ಇರಲಿಲ್ಲ. ಅದಕ್ಕೇ ಕರೆದ ದನಿ ಅವನಿಗೆ ಮುದುಕನ ದನಿಯ ಹಾಗೆ ಕೇಳಿಸಿತು. ಗುಡಿಯಲ್ಲೇ ಬೆಳೆದ ಮಗುವಿಗೂ ದೇವರ ದನಿ ತಾನಾಗಿ ಗುರುತು ಸಿಗುವುದಿಲ್ಲ ಅಂತಾಯಿತು, ಅಲ್ವಾ?

ಗುರುತು ಹಿಡಿದವನು ಏಲಿ. ಇದು ನನಗೆ ಈಚೆಗೆ ಹೆಚ್ಚು ಕಾಡುವ ವಿಷಯ. ಏಲಿಗೆ ಕಣ್ಣು ಮಂಜಾಗಿತ್ತು. ಅವನ ಕಿವಿಗೆ ಆ ರಾತ್ರಿ ಏನೂ ಬೀಳಲಿಲ್ಲ. ಇಂಥ ವಿಷಯದಲ್ಲಿ ಅವನು ಹಿಂದೊಮ್ಮೆ ಎಡವಿದ್ದ ಕೂಡ. ಈ ಹುಡುಗನ ತಾಯಿ ಹನ್ನಳು ಮಕ್ಕಳಿಲ್ಲದ ಸಂಕಟದಲ್ಲಿ ಬರೀ ತುಟಿ ಅಲ್ಲಾಡಿಸುತ್ತಾ ಪ್ರಾರ್ಥನೆ ಮಾಡುತ್ತಿದ್ದಾಗ, ಕುಡಿದು ಬಂದಿದ್ದಾಳೆ ಅಂತ ಗದರಿದವನು ಇವನೇ. ತಾಯಿಯ ಪ್ರಾರ್ಥನೆ ಗುರುತಿಸಲಾಗದವನು ಮಗನಿಗೆ ಬಂದ ಕರೆಯನ್ನು ಗುರುತಿಸಿದ. "ನನಗೆ ಕೇಳಿಸಲಿಲ್ಲ, ನಿನಗೆ ಹೇಗೆ ಕೇಳಿಸುತ್ತೆ" ಅನ್ನಲಿಲ್ಲ. ಹೇಗೆ ಉತ್ತರ ಕೊಡಬೇಕು ಅಂತ ಹೇಳಿಕೊಟ್ಟ. ಆ "ಅಪ್ಪಣೆಯಾಗಲಿ" ಸಮುವೇಲನ ಸ್ವಂತ ಮಾತಲ್ಲ, ಏಲಿ ಬಾಯಿಪಾಠ ಮಾಡಿಸಿದ ಮಾತು.

ಸ್ವಲ್ಪ ಉದ್ದದ ಅಂಗಿ

ನಾನು ಸಮುವೇಲ ಆಗಿದ್ದೆ ಒಂದು ಸಲ. ಹತ್ತು ವರ್ಷವಿದ್ದಾಗ, ನವೆಂಬರಿನ ಮಕ್ಕಳ ಭಾನುವಾರಕ್ಕೆ. ಅಪ್ಪನ ಹಳೇ ಬಿಳಿ ಪಂಚೆಯಲ್ಲಿ ಅಮ್ಮ ಒಂದು ನಿಲುವಂಗಿ ಹೊಲಿದಳು. ಹಾಕಿ ನೋಡಿದರೆ ಪಾದ ಮುಚ್ಚಿ ನೆಲಕ್ಕೆ ಎಳೆಯುತ್ತಿತ್ತು. "ಮುಂದಿನ ವರ್ಷಕ್ಕೂ ಆಗ್ಲಿ, ಬೆಳೀತೀಯ" ಅಂತ ಹೇಳಿ ಅಮ್ಮ ಕೆಳಗೆ ನಾಲ್ಕು ಬೆರಳು ಮಡಿಸಿ ದೊಡ್ಡ ದೊಡ್ಡ ಹೊಲಿಗೆ ಹಾಕಿಕೊಟ್ಟಳು, ಆಮೇಲೆ ಬಿಚ್ಚೋಕೆ ಸುಲಭ ಆಗಲಿ ಅಂತ. ನಮ್ಮ ಕಡೆ ಮಕ್ಕಳ ಬಟ್ಟೆಯೆಲ್ಲ ಹಾಗೇ ಹೊಲಿಯುವುದು.

ಹನ್ನಳೂ ಹಾಗೇ ಮಾಡಿರಬೇಕು ಅಂತ ನನಗೆ ಅನ್ನಿಸುತ್ತದೆ. ಮಗು ಹಾಲು ಬಿಟ್ಟ ಮೇಲೆ, ಅಂದರೆ ಆಗಿನ ಕಾಲಕ್ಕೆ ಎರಡು ಮೂರು ವರ್ಷಕ್ಕೆ, ಶೀಲೋವಿಗೆ ಕರೆದುಕೊಂಡು ಹೋಗಿ ಬಿಟ್ಟು ಬಂದಳು. ಆಮೇಲೆ ವರ್ಷಕ್ಕೊಂದು ಸಲ, ಗಂಡನ ಜೊತೆ ಬಲಿ ಕೊಡಲು ಹೋಗುವಾಗ, ಒಂದು ಪುಟ್ಟ ನಿಲುವಂಗಿ ಹೊಲಿದು ತೆಗೆದುಕೊಂಡು ಹೋಗುತ್ತಿದ್ದಳು. ಇದನ್ನು ಹೇಳುವುದು ಒಂದೇ ಒಂದು ಸಾಲು. ಆದರೆ ಅಳತೆ ಎಲ್ಲಿಂದ ತಂದಳು? ವರ್ಷದಿಂದ ಮಗನನ್ನು ನೋಡಿಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗನನ್ನು ನಿಲ್ಲಿಸಿ ಅಳೆದಿರಬಹುದು. ಹೋದ ವರ್ಷದ್ದಕ್ಕಿಂತ ನಾಲ್ಕು ಬೆರಳು ಜಾಸ್ತಿ ಇಟ್ಟಿರಬಹುದು. ಕೊಟ್ಟಾಗ ಗಿಡ್ಡ ಆಗಿದ್ದರೆ ಹೇಗೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡಿರಬಹುದು. ಮುಂದೆ ಅವಳಿಗೆ ಇನ್ನೂ ಮೂರು ಗಂಡು, ಎರಡು ಹೆಣ್ಣು ಹುಟ್ಟಿದವು. ಅಂಗಿ ಹೊಲಿಯುವುದು ನಿಂತಿತಾ ಗೊತ್ತಿಲ್ಲ. ಆದರೆ ಆ ಅಂಗಿಗೆ ಹೀಬ್ರೂವಿನಲ್ಲಿ ಇರುವ 'ಮೆಯೀಲ್' ಅನ್ನುವ ಪದ ಸಮುವೇಲನ ಬೆನ್ನು ಬಿಡುವುದಿಲ್ಲ. ಅರಸ ಸೌಲ ಹಿಡಿದು ಎಳೆದಾಗ ಹರಿದದ್ದೂ ಮೆಯೀಲ್. ಸಮುವೇಲ ಸತ್ತ ಮೇಲೆ ಎಂದೋರಿನ ಮಾಟಗಾತಿ ಅವನನ್ನು ಮೇಲಕ್ಕೆ ಬರಿಸಿದಾಗ, "ಯಾರೋ ಮುದುಕ, ನಿಲುವಂಗಿ ಹೊದ್ದಿದ್ದಾನೆ" ಅನ್ನುತ್ತಾಳಲ್ಲ, ಅದೂ ಮೆಯೀಲ್. ಸೌಲನಿಗೆ ಗುರುತು ಸಿಗುವುದಕ್ಕೆ ಅಷ್ಟೇ ಸಾಕಾಯಿತು.

ನನ್ನ ನಾಟಕಕ್ಕೆ ಬರುತ್ತೇನೆ. ಏಲಿಯ ಪಾತ್ರಕ್ಕೆ ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದ ಒಬ್ಬ ತಾತ ಇದ್ದರು. ಅವರಿಗೆ ನಿಜವಾಗಿಯೂ ಕಣ್ಣಿನ ಪೊರೆ. ನಾಟಕ ಚೆನ್ನಾಗಿ ಆಯಿತು. ಆದಮೇಲೆ ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿ ವೇದಿಕೆಗೆ ಬಂದು ನನ್ನ ತಲೆ ಮೇಲೆ ಕೈಯಿಟ್ಟು ಮೈಕಿನಲ್ಲಿ ಹೇಳಿದರು: ಈ ಹುಡುಗನಿಗೆ ಕರೆ ಇದೆ, ಇವನು ದೇವರ ಸೇವಕ ಆಗ್ತಾನೆ. ಇಡೀ ಸಭೆ ಹಲ್ಲೆಲೂಯ ಅಂದಿತು. ಅಮ್ಮ ಕಣ್ಣು ಒರೆಸಿಕೊಂಡಳು. ಅಂದಿನಿಂದ ನಾನು ಊರಿನಲ್ಲಿ 'ಚಿಕ್ಕ ಅಯ್ಯನವರು'. ಕ್ರಿಕೆಟ್ ಆಡುವಾಗ ಬೈದರೆ "ಅಯ್ಯನವರು ಬೈತಾರಾ?" ಅಂತ ಕೇಳುತ್ತಿದ್ದರು. ರಾತ್ರಿ ಮಲಗಿ ದನಿಗೆ ಕಾಯುತ್ತಿದ್ದೆ. ನಿಜವಾಗಿ ಕಾಯುತ್ತಿದ್ದೆ. ಉತ್ತರವಂತೂ ಬಾಯಿಪಾಠ ಇತ್ತು. ಕೇಳಿಸುತ್ತಿದ್ದದ್ದು ಎರಡು ಗಂಟೆಯ ಗೂಡ್ಸ್ ರೈಲು ಮಾತ್ರ.

ಹೀಗೆ ಒಂದು ವರ್ಷವಾದರೂ ಕಳೆದಿರಬೇಕು. ಒಂದು ಸಂಜೆ ಆ ರೈಲ್ವೆ ತಾತನಿಗೆ ಕೀರ್ತನೆಗಳನ್ನು ಓದಿ ಹೇಳಲು ಹೋಗಿದ್ದೆ. ಕಣ್ಣು ಕಾಣದ ಕಾರಣ ನಾವು ಹುಡುಗರು ಸರದಿ ಮೇಲೆ ಹೋಗಿ ಓದುತ್ತಿದ್ದೆವು. ನಡುವೆ ಅವರು ನಿಲ್ಲಿಸಿ ಕೇಳಿದರು, "ಏನೋ ಸಮುವೇಲ, ನಿನಗೆ ಏನಾದ್ರೂ ಕೇಳಿಸ್ತಾ?" ಸುಳ್ಳು ಹೇಳೋಣ ಅನ್ನಿಸಿತು. ಆಗಲಿಲ್ಲ. "ಇಲ್ಲ ತಾತ" ಅಂದೆ. ಅಳು ಬರುವ ಹಾಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ನಾಟಕದಲ್ಲಿ ಹೇಳಿದ ಅದೇ ದನಿಯಲ್ಲಿ, ಅದೇ ಮಾತು: "ನಾನು ಕರೀಲಿಲ್ಲ ಮಗನೇ. ಹೋಗಿ ಮಲ್ಕೋ."

ಆ ರಾತ್ರಿ ನಾನು ಗೂಡ್ಸ್ ರೈಲಿಗೂ ಎಚ್ಚರ ಆಗದ ಹಾಗೆ ಮಲಗಿದೆ. ಮುಂದೆ ಲೆಕ್ಕಪತ್ರದ ಕೆಲಸ ಹಿಡಿದೆ. ಅಮ್ಮ ಅದನ್ನು ಒಪ್ಪಿಕೊಳ್ಳುವುದಕ್ಕೆ ಬಹಳ ಸಮಯ ಬೇಕಾಯಿತು. ಆ ಅಂಗಿಯ ಮಡಿಕೆಯನ್ನು ಬಿಚ್ಚುವ ಪ್ರಸಂಗ ಬರಲೇ ಇಲ್ಲ.

ಏಲಿಯ ಕಥೆಯಲ್ಲಿ "ಹೋಗಿ ಮಲ್ಕೋ" ಅನ್ನುವುದನ್ನು ನಾವು ಮುದುಕನ ಮಂಪರು ಅಂತ ಓದುತ್ತೇವೆ. ಎರಡು ಸಲ ಗೊತ್ತಾಗಲಿಲ್ಲ, ಪಾಪ ವಯಸ್ಸಾಗಿದೆ ಅಂತ. ನನಗೀಗ ಅದು ಹಾಗೆ ಕಾಣುವುದಿಲ್ಲ. ತಾನು ಕರೆದಿಲ್ಲದಿದ್ದರೆ ಕರೆದಿಲ್ಲ ಅಂತ ಹೇಳುವುದಕ್ಕೂ ಒಂದು ಪ್ರಾಮಾಣಿಕತೆ ಬೇಕು. ಮೈಕ್ ಹಿಡಿದು ದೇವರ ಪರವಾಗಿ ತಾವೇ ಕರೆಯುವ ದೊಡ್ಡವರು ಎಷ್ಟು ಜನ ಬೇಕು? ಈಗಂತೂ ಐದಾರು ವರ್ಷದ ಮಕ್ಕಳು ಕೋಟು ಹಾಕಿಕೊಂಡು ಪ್ರಸಂಗ ಮಾಡುವ ವಿಡಿಯೋಗಳು ದಿನಕ್ಕೊಂದು ಬರುತ್ತವೆ. ಕೈ ಬೀಸುವುದು, ದನಿ ಏರಿಸುವುದು, ಎಲ್ಲ ದೊಡ್ಡವರ ಪಡಿಯಚ್ಚು. ನೋಡಿದಾಗಲೆಲ್ಲ ನಾನು ಆ ಮಗುವನ್ನು ನೋಡುವುದು ಬಿಟ್ಟು ಕ್ಯಾಮೆರಾ ಹಿಡಿದವರು ಯಾರು ಅಂತ ಯೋಚಿಸುತ್ತೇನೆ. ಈ ಮಗುವಿಗೆ ಮಲ್ಕೋ ಅನ್ನುವವರು ಮನೆಯಲ್ಲಿ ಯಾರಾದರೂ ಇದ್ದಾರಾ ಅಂತ.

ಮೂರು ದಿನ ಕಾಣೆಯಾದ ಹುಡುಗ

ಹಾಗೆಲ್ಲ ಹೇಳಬೇಡ, ಯೇಸು ಹನ್ನೆರಡು ವರ್ಷಕ್ಕೇ ದೇವಾಲಯದಲ್ಲಿ ಬೋಧನೆ ಮಾಡಲಿಲ್ಲವಾ ಅಂತ ಒಬ್ಬರು ನನ್ನ ಜೊತೆ ವಾದ ಮಾಡಿದರು. ಮಾಡಲಿಲ್ಲ. ಲೂಕನ ಎರಡನೇ ಅಧ್ಯಾಯ ತೆಗೆದು ನೋಡಿ. ಹುಡುಗ ಬೋಧಕರ ನಡುವೆ ಕೂತಿದ್ದ. ಅವರು ಹೇಳಿದ್ದನ್ನು ಕೇಳುತ್ತಿದ್ದ, ಅವರಿಗೆ ಪ್ರಶ್ನೆ ಹಾಕುತ್ತಿದ್ದ. ಅವನ ಉತ್ತರಗಳಿಗೆ ಜನ ಬೆರಗಾದರು ಅಂತ ಇದೆ, ನಿಜ. ಆದರೆ ಮೊದಲು ಬರುವುದು ಕೇಳಿಸಿಕೊಳ್ಳುವುದು. ನಮ್ಮ ಗೋಡೆ ಕ್ಯಾಲೆಂಡರುಗಳಲ್ಲಿ ಮಾತ್ರ ಅವನು ಬೆರಳೆತ್ತಿ ನಿಂತು ಉಪದೇಶ ಮಾಡುತ್ತಾನೆ, ಗಡ್ಡದ ಮುದುಕರೆಲ್ಲ ಬಾಯಿ ಬಿಟ್ಟು ಕೂತಿರುತ್ತಾರೆ.

ಅಷ್ಟೇ ಅಲ್ಲ, ಸತ್ಯವೇದದ ಸುವಾರ್ತೆಗಳಲ್ಲಿ ಹುಡುಗ ಯೇಸು ಮಾತಾಡುವುದು ಇದೊಂದೇ ಕಡೆ. ಇಂಥ ಕಥೆ ಸಾಲದು ಅಂತ ಜನಕ್ಕೆ ಆಗಲೇ ಅನ್ನಿಸಿತ್ತು. ಎರಡನೇ ಶತಮಾನದ್ದು ಅಂತ ಹೇಳುವ ತೋಮನ ಬಾಲ್ಯ ಸುವಾರ್ತೆ ಅಂತೊಂದು ಗ್ರಂಥ ಇದೆ. ಅದರಲ್ಲಿ ಐದು ವರ್ಷದ ಯೇಸು, ಕೆಲಸ ಮಾಡಬಾರದ ಸಬ್ಬತ್ ದಿನ, ಹೊಳೆ ದಂಡೆಯಲ್ಲಿ ಹಸಿ ಮಣ್ಣಿನಿಂದ ಹನ್ನೆರಡು ಗುಬ್ಬಿ ಮಾಡುತ್ತಾನೆ. ಬೈದಾಗ ಚಪ್ಪಾಳೆ ತಟ್ಟುತ್ತಾನೆ, ಗುಬ್ಬಿಗಳು ಹಾರಿ ಹೋಗುತ್ತವೆ. ಇಷ್ಟು ಚೆನ್ನಾಗಿದೆ. ಮಣ್ಣಿನ ಹಕ್ಕಿಗೆ ಜೀವ ಬಂದದ್ದು ಕುರಾನಿನಲ್ಲೂ ಇದೆ. ಆದರೆ ಅದೇ ಗ್ರಂಥದಲ್ಲಿ, ಓಡುತ್ತಾ ಬಂದು ಹೆಗಲಿಗೆ ಡಿಕ್ಕಿ ಹೊಡೆದ ಹುಡುಗನನ್ನು ಯೇಸು ಒಂದು ಮಾತಿನಲ್ಲಿ ಸಾಯಿಸುತ್ತಾನೆ. ಅಕ್ಷರ ಕಲಿಸಲು ಬಂದ ಗುರುವಿಗೆ ಮೊದಲ ಅಕ್ಷರದ ಬಗ್ಗೆಯೇ ಪಾಠ ಹೇಳಿ ಅವಮಾನ ಮಾಡುತ್ತಾನೆ. ಎಲ್ಲ ಗೊತ್ತಿರುವ ಮಗು ಎಷ್ಟು ಭಯಂಕರ ಅಂತ ಅದನ್ನು ಓದಿದರೆ ತಿಳಿಯುತ್ತದೆ. ಸಭೆ ಆ ಗ್ರಂಥವನ್ನು ಸತ್ಯವೇದಕ್ಕೆ ಸೇರಿಸಲಿಲ್ಲ. ಒಳ್ಳೆಯದೇ ಆಯಿತು.

ಲೂಕ ಹೇಳುವುದು ಕಾಣೆಯಾದ ಮಗುವಿನ ಕಥೆ. ಯೆರೂಸಲೇಮಿನಲ್ಲಿ ಪಸ್ಕಹಬ್ಬ ಮುಗಿಸಿ ನಜರೇತಿನ ಜನ ಗುಂಪಾಗಿ ಊರಿಗೆ ಹೊರಟರು. ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ನೆಂಟರ ಜೊತೆ ಎಲ್ಲೋ ಬರುತ್ತಿದ್ದಾನೆ ಅಂತ ಒಂದು ಇಡೀ ದಿನ ನಡೆದರು. ಜಾತ್ರೆಗೆ ಹೋದ ಯಾವ ಕುಟುಂಬಕ್ಕೂ ಇದು ಹೊಸದಲ್ಲ. ಸಂಜೆ ಹುಡುಕಿದರೆ ಇಲ್ಲ. ವಾಪಸ್ ಬಂದು ಸಿಕ್ಕಿದ್ದು ಮೂರು ದಿನಕ್ಕೆ. ನೋಡಿ ಅಪ್ಪ ಅಮ್ಮ ಬೆರಗಾದರು ಅಂತ ಇದೆ, ಆದರೆ ತಾಯಿ ಮರಿಯಳ ಮಾತಿನಲ್ಲಿ ಹೆಮ್ಮೆ ಇಲ್ಲ, "ಯಾಕಪ್ಪಾ ನಮಗೆ ಹೀಗೆ ಮಾಡಿದೆ" ಅನ್ನುವ ಸಂಕಟ. ಅದಕ್ಕೆ ಹುಡುಗ, ನನ್ನನ್ನು ಯಾಕೆ ಹುಡುಕಿದಿರಿ, ನಾನು ನನ್ನ ತಂದೆಯ ಮನೆಯಲ್ಲಿ ಇರಬೇಕು ಅಂತ ನಿಮಗೆ ಗೊತ್ತಿರಲಿಲ್ಲವಾ ಅನ್ನುತ್ತಾನೆ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಬಾಯಿಂದ ಬರುವ ಮೊದಲ ಮಾತೇ ಇದು. ಎರಡು ಪ್ರಶ್ನೆ. ಯೋಸೇಫ ಅಲ್ಲೇ ನಿಂತಿದ್ದಾನೆ, 'ನಿನ್ನ ತಂದೆಯೂ ನಾನೂ' ಅಂತ ಮರಿಯಳು ಆಗಷ್ಟೇ ಹೇಳಿದ್ದಾಳೆ. ಅವನಿಗೆ ಹೇಗಾಗಿರಬೇಡ? ಅವರಿಗೆ ಆ ಮಾತು ಅರ್ಥ ಆಗಲಿಲ್ಲ ಅಂತ ಲೂಕ ಮುಚ್ಚುಮರೆ ಇಲ್ಲದೆ ಬರೆಯುತ್ತಾನೆ. ಆಮೇಲೆ ಹುಡುಗ ಅವರ ಜೊತೆ ನಜರೇತಿಗೆ ಹೋಗಿ ಅವರ ಮಾತು ಕೇಳಿಕೊಂಡು ಇದ್ದ. ಮುಂದೆ ಸುಮಾರು ಮೂವತ್ತು ವರ್ಷದವನಾಗುವ ತನಕ ಒಂದು ಸುದ್ದಿಯೂ ಇಲ್ಲ. ಕರೆ ಗೊತ್ತಾದ ಮೇಲೂ ಹದಿನೆಂಟು ವರ್ಷ ಮನೆ, ಕೆಲಸ, ಊರು.

ಸುಮ್ನೆ ಒಂದು ಮಾತು: ಹುಡುಗ ಬೆಳೆಯುತ್ತಾ ದೇವರ ದಯೆಯನ್ನೂ ಜನರ ದಯೆಯನ್ನೂ ಪಡೆದ ಅನ್ನುವ ಸಾಲು ಇಲ್ಲಿ ಬರುತ್ತದಲ್ಲ, ಅದನ್ನು ಲೂಕ ಎತ್ತಿಕೊಂಡದ್ದು ಸಮುವೇಲನ ಕಥೆಯಿಂದಲೇ. ಇವೆರಡೂ ಕಥೆಗಳು ಅವನ ತಲೆಯಲ್ಲಿ ಒಟ್ಟಿಗೇ ಇದ್ದವು.

ನಾವು ಕರೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ಮಗು ಇದೆ. ಅರಸುಗಳ ಎರಡನೇ ಪುಸ್ತಕದ ಐದನೇ ಅಧ್ಯಾಯದಲ್ಲಿ, ಸಿರಿಯಾದ ಸೇನಾಪತಿ ನಾಮಾನನ ಮನೆಯಲ್ಲಿ ಕೆಲಸಕ್ಕಿದ್ದ ಹುಡುಗಿ. ಇಸ್ರೇಲಿನಿಂದ ದಾಳಿಕಾರರು ಹೊತ್ತು ತಂದವಳು. ಹೆಸರಿಲ್ಲ. ರಾತ್ರಿ ಯಾವ ದನಿಯೂ ಅವಳನ್ನು ಕರೆಯಲಿಲ್ಲ. ಅವಳು ಆಡಿದ್ದು ಒಂದೇ ಮಾತು, ನನ್ನ ಯಜಮಾನ ಸಮಾರ್ಯದ ಪ್ರವಾದಿಯ ಹತ್ತಿರ ಹೋದರೆ ಕುಷ್ಠ ವಾಸಿ ಆಗುತ್ತಿತ್ತಲ್ಲ ಅಂತ. ತನ್ನನ್ನು ಹೊತ್ತು ತಂದವರ ಮನೆಯವನ ಮೇಲೆ ಕನಿಕರ. ಕೊನೆಗೆ ನಾಮಾನ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಎದ್ದಾಗ ಅವನ ಮೈ ಚಿಕ್ಕ ಹುಡುಗನ ಮೈ ಹಾಗಾಯಿತಂತೆ. ಮೊದಲು ಆ ಹುಡುಗಿಗೆ ಬಳಸಿದ 'ಚಿಕ್ಕ ಹುಡುಗಿ' ಅನ್ನುವ ಪದಗಳನ್ನೇ ಮೂಲದಲ್ಲಿ ಇಲ್ಲಿ ಗಂಡಾಗಿಸಿ ಹೇಳಿದ್ದಾರೆ. ಅವಳು ಮನೆಗೆ ವಾಪಸ್ ಹೋದಳಾ? ಕಥೆ ಅದನ್ನು ಹೇಳುವುದಿಲ್ಲ. ಅದಕ್ಕೆ ನನಗೆ ಸಿಟ್ಟಿದೆ.

ಬಾಗಿಲು

ಶೀಲೋವಿಗೆ ವಾಪಸ್ ಬರೋಣ. ದೇವರ ಮಾತು ಮುಗಿಯಿತು. ಸಮುವೇಲ ಬೆಳಗಾಗುವ ತನಕ ಮಲಗಿದ್ದು, ಎದ್ದು ದೇವಸ್ಥಾನದ ಬಾಗಿಲು ತೆಗೆದ. ಏಲಿಗೆ ಹೇಳಲು ಹೆದರಿದ. ಆ ಬಾಗಿಲು ತೆಗೆಯುವುದು ನನಗೆ ತುಂಬಾ ಇಷ್ಟ. ದಿನಾ ಮಾಡುವ ಕೆಲಸ ಅದು. ಆ ದಿನ ಸ್ವಲ್ಪ ನಿಧಾನವಾಗಿಯೇ ತೆಗೆದಿರಬೇಕು. ಒಂದೊಂದು ಬಾಗಿಲಿಗೂ ಜಾಸ್ತಿ ಹೊತ್ತು ತೆಗೆದುಕೊಂಡು, ಮುದುಕನ ಎದುರಿಗೆ ಹೋಗುವುದನ್ನು ಮುಂದೂಡಿಕೊಂಡು.

ಏಲಿಯೇ ಕರೆದ. ಈ ಸಲ ನಿಜವಾಗಿ ಏಲಿಯೇ. ಏನನ್ನೂ ಮುಚ್ಚಿಡಬೇಡ, ಮುಚ್ಚಿಟ್ಟರೆ ದೇವರು ನಿನಗೆ ಹಾಗೇ ಮಾಡಲಿ ಅಂತ ಆಣೆ ಹಾಕಿದ. ಹುಡುಗ ಎಲ್ಲ ಹೇಳಿದ. ಏಲಿಗೆ ಇದು ಹೊಸ ಸುದ್ದಿಯೂ ಆಗಿರಲಿಲ್ಲ, ಹಿಂದಿನ ಅಧ್ಯಾಯದಲ್ಲೇ ಒಬ್ಬ ದೇವರ ಮನುಷ್ಯ ಬಂದು ಹೆಚ್ಚುಕಡಿಮೆ ಇದನ್ನೇ ಹೇಳಿ ಹೋಗಿದ್ದ. ಬಂದು ಹೋಗುವವರ ಮಾತನ್ನು ಮರೆಯಬಹುದು. ಮನೆಯಲ್ಲೇ ಬೆಳೆದ ಮಗು ತಲೆ ತಗ್ಗಿಸಿ ಹೇಳಿದ್ದನ್ನು ಹೇಗೆ ಮರೆಯುವುದು? "ಅವನು ದೇವರು, ಅವನಿಗೆ ಒಳ್ಳೆಯದು ಅನ್ನಿಸಿದ್ದನ್ನು ಮಾಡಲಿ" ಅಂದ ಏಲಿ. ಹುಡುಗನಿಗೆ ಒಂದು ಬಿರುಸು ಮಾತೂ ಆಡಲಿಲ್ಲ.

ವರ್ಷಗಳಾದ ಮೇಲೆ ಸಮುವೇಲನೂ ಮುದುಕನಾದ. ತನ್ನ ಮಕ್ಕಳು ಯೋವೇಲ ಮತ್ತು ಅಬೀಯರನ್ನು ಬೇರ್ಷೆಬದಲ್ಲಿ ನ್ಯಾಯಾಧೀಶರನ್ನಾಗಿ ಇಟ್ಟ. ಅವರು ಲಂಚಕ್ಕೆ ಬಿದ್ದರು. ಇಸ್ರೇಲಿನ ಹಿರಿಯರು ಬಂದು, ನಿನಗೆ ವಯಸ್ಸಾಯಿತು, ನಿನ್ನ ಮಕ್ಕಳು ನಿನ್ನ ಹಾದಿಯಲ್ಲಿಲ್ಲ ಅಂತ ಅವನ ಮುಖಕ್ಕೇ ಹೇಳಿದರು. ಆಗ ಅವನಿಗೆ ಶೀಲೋವಿನ ಆ ಬೆಳಗು ನೆನಪಾಗಿರಬೇಕು. ಆಗಿಲ್ಲದೆ ಇರಲು ಸಾಧ್ಯವೇ ಇಲ್ಲ.

ಮುಂದಿನ ಭಾನುವಾರ ನಾನು ಮಕ್ಕಳಿಗೆ ಹೋದ ವಾರ ಸುಳ್ಳು ಹೇಳಿದೆ ಅಂತ ಹೇಳಿ, ಹನ್ನೊಂದರಿಂದ ಹದಿನೆಂಟರವರೆಗೆ ಓದಿದೆ. ಕಷ್ಟದ ಸಾಲುಗಳನ್ನು ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನ ಒಬ್ಬ, "ಪಾಪ ತಾತ" ಅಂದ. ಆ ಹುಡುಗಿ ಏನೂ ಮಾತಾಡಲಿಲ್ಲ. ಕೊನೆಗೆ, ಬೇರೆಯವರೆಲ್ಲ ಬಿಸ್ಕತ್ತಿಗೆ ಸಾಲು ನಿಂತಾಗ, ನನ್ನ ಸತ್ಯವೇದವನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ಆ ವಚನ ಹುಡುಕಿದಳು.

"ಅಂಕಲ್, ಅವನಿಗೆ ಆಮೇಲೆ ನಿದ್ದೆ ಬಂತಾ?"

"ಬೆಳಗಾಗೋ ತನಕ ಮಲಗಿದ್ದ ಅಂತ ಇದೆ."

"ಮಲಗಿದ್ದ ಅಂತ ಇದೆ. ನಿದ್ದೆ ಬಂತು ಅಂತ ಇಲ್ವಲ್ಲ."

"ಇಲ್ಲ" ಅಂದೆ.

ಅವಳು ಪುಸ್ತಕ ಮುಚ್ಚಿ ಬಿಸ್ಕತ್ತಿನ ಸಾಲಿಗೆ ಹೋದಳು.